ಆಯುಧಕ್ಕೊಂದು ನೆಲೆ

ಮನೆಯಲ್ಲಿ ಒಂದು ಕೋಣೆಯನ್ನೋ, ಹಿತ್ತಿಲ ಮಾಡಿನ ಒಂದು ಪಾರ್ಶ್ವವನ್ನೋ, ಅಷ್ಟೂ ಅನುಕೂಲವಿಲ್ಲದವರು ಮಹಡಿಯ ಮೆಟ್ಟಿಲಿನ ಕೆಳಗಿನ ಇಕ್ಕಟ್ಟನ್ನೋ ಕೈಗೆಲಸಕ್ಕೆಂದು ಮೀಸಲಿಟ್ಟು, ಅಲ್ಲಿ ಗಟ್ಟಿಯಾದ ಒಂದು ಮೇಜು, ಗರಗಸ, ನಾಲ್ಕಾರು ಉಳಿ, ಸುತ್ತಿಗೆ, ಇಕ್ಕಳ, ತಿರುಪುಳಿಗಳನ್ನು ಕೂಡಿಸಿಕೊಂಡು, ಬಿಡುವಿನ ವೇಳೆಯಲ್ಲಿ ಮುರಿದ ಕುರ್ಚಿಯನ್ನು ಸರಿಪಡಿಸುವುದರಲ್ಲಿಯೂ ಹೊಸದೊಂದು ಮಣೆಯನ್ನು ಮಾಡುವುದರಲ್ಲಿಯೂ ತೃಪ್ತಿಯನ್ನು ಕಾಣುವ ಗೃಹಸ್ಥರು ನಮ್ಮಲ್ಲಿ ಮೊದಲಿನಿಂದಲೂ ಉಂಟು. ಮಲೆನಾಡಿನ ತೋಟದ ಮನೆಗಳಿಗೆ ಈ ಅಭ್ಯಾಸವನ್ನು ಕಲಿಸಿದ್ದು ಪೇಟೆಯ ದೂರ. ಬೆಂಗಳೂರಿನಲ್ಲಾದರೋ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಮೊದಲಾದುವುಗಳಲ್ಲಿ ದುಡಿದು ನಿವೃತ್ತರಾದ ಕುಶಲಿಗಳು ತಮ್ಮ ಕೈಯ ವಿದ್ಯೆಯನ್ನು ಮನೆಗೂ ತಂದುಕೊಂಡು, ಆ ಕಾರ್ಖಾನೆಗಳ ಸುತ್ತ ಬೆಳೆದ ಬಡಾವಣೆಗಳಲ್ಲಿ ಪುಟ್ಟ ಪುಟ್ಟ ಕಾರ್ಯಾಗಾರಗಳನ್ನು ಕಟ್ಟಿಕೊಂಡರು. ಇಂತಹವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಬೇಕಾದ ಹತ್ಯಾರು ಬೇಕಾದ ಹೊತ್ತಿಗೆ ಸಿಕ್ಕುವುದಿಲ್ಲ. ಕೆಲಸಕ್ಕೆ ತಗಲುವ ಕಾಲಕ್ಕಿಂತ ಹುಡುಕಾಟಕ್ಕೆ ತಗಲುವ ಕಾಲವೇ ಅಧಿಕವಾಗುತ್ತದೆ; ಹುಡುಕಿ ಹುಡುಕಿ ಬೇಸತ್ತು ಹೊಸದೊಂದನ್ನು ಕೊಂಡು ತಂದ ಮರುದಿನವೇ ಹಳೆಯದು ಮೇಜಿನ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಈ ದೂರಿಗೆ ಪರಿಹಾರವೆಂದು ಜನ ಸಾಧಾರಣವಾಗಿ ಮಾಡುವುದು ಪೆಟ್ಟಿಗೆಗಳನ್ನು ಕೊಳ್ಳುವ ಕೆಲಸ. ಆದರೆ ನಾನು ಕಂಡ ಅಚ್ಚುಕಟ್ಟಾದ ಕಾರ್ಯಾಗಾರಗಳನ್ನೂ ಅಸ್ತವ್ಯಸ್ತವಾದ ಕಾರ್ಯಾಗಾರಗಳನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ಆಲೋಚಿಸಿದಾಗ, ಭೇದವು ಪೆಟ್ಟಿಗೆಗಳ ಸಂಖ್ಯೆಯಲ್ಲಿಯೂ ಇಲ್ಲ, ಯಜಮಾನನ ಸ್ವಭಾವದಲ್ಲಿಯೂ ಇಲ್ಲ, ಉಪಕರಣವನ್ನು ಮರಳಿ ಇಡುವುದು ಎಷ್ಟು ಸುಲಭ ಅಥವಾ ಎಷ್ಟು ಪ್ರಯಾಸಕರ ಎಂಬುದರಲ್ಲಿ ಇದೆ ಎಂಬುದು ನನಗೆ ದೃಢವಾಗಿದೆ. ತೆಗೆದುಕೊಳ್ಳುವ ಕ್ಷಣದಲ್ಲಿ ಮನುಷ್ಯನಿಗೆ ಪ್ರಯೋಜನದ ಪ್ರೇರಣೆ ಇರುತ್ತದೆ. ಎರಡು ಮುಚ್ಚಳಗಳನ್ನು ತೆರೆದು, ಮೇಲಿನ ಮೂರು ವಸ್ತುಗಳನ್ನು ಸರಿಸಿ, ತಳದಲ್ಲಿರುವ ಉಳಿಯನ್ನು ಆತನು ತಾಳ್ಮೆಯಿಂದಲೇ ಎತ್ತಿಕೊಳ್ಳುತ್ತಾನೆ. ಮರಳಿ ಇಡುವ ಹೊತ್ತಿಗೆ ಕೆಲಸ ಮುಗಿದಿದೆ, ಕೈ ಸೋತಿದೆ, ಬೆಳಕು ಇಳಿದಿದೆ, ಒಳಗಿನಿಂದ ಊಟಕ್ಕೆ ಕರೆ ಬಂದಿದೆ. ಆ ಕ್ಷಣದಲ್ಲಿ ಎರಡು ಮುಚ್ಚಳಗಳನ್ನು ಮತ್ತೆ ತೆರೆಯಬೇಕೆಂದರೆ, ಎಂತಹ ಶಿಸ್ತಿನ ಮನುಷ್ಯನಾದರೂ ಉಳಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಾನೆ. ಅದರ ಪಕ್ಕಕ್ಕೆ ನಾಳೆ ಇನ್ನೊಂದು ಬಂದು ಸೇರುತ್ತದೆ. ಆದುದರಿಂದ ವ್ಯವಸ್ಥೆಯನ್ನು ರೂಪಿಸುವವನು ಮುಂಜಾನೆಯ ಉತ್ಸಾಹಿಯಾದ ತನ್ನನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಸಾಯಂಕಾಲದ ದಣಿದ ತನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸತಕ್ಕದ್ದು. ಒಂದೇ ಕೈಯಿಂದ, ಯಾವುದನ್ನೂ ಸರಿಸದೆ, ಯಾವ ಮುಚ್ಚಳವನ್ನೂ ತೆರೆಯದೆ ಇಡಬಹುದಾದ ನೆಲೆಯೊಂದು ದಿನನಿತ್ಯ ಬಳಸುವ ಪ್ರತಿಯೊಂದು ಉಪಕರಣಕ್ಕೂ ಇರಬೇಕು. ಗೋಡೆಯ ಒಂದು ಮೊಳೆ, ಹಲಗೆಯಲ್ಲಿ ಕೊರೆದ ಒಂದು ಸೀಳು, ಬಾಯಿ ತೆರೆದ ಒಂದು ತಟ್ಟೆ, ಇಷ್ಟಾದರೆ ಸಾಕು.

ಕೈಯ ಚಲನೆಗೂ ವಸ್ತುವಿನ ನೆಲೆಗೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಪ್ರಮುಖ. ಇಟ್ಟಿಗೆ ಕಟ್ಟುವ ಗಾರೆಯವನಾಗಿ ವೃತ್ತಿಯನ್ನು ಆರಂಭಿಸಿದ ಆತನು, ಒಂದು ಇಟ್ಟಿಗೆಯನ್ನು ಇಡುವುದಕ್ಕೆ ಸಾಮಾನ್ಯವಾಗಿ 18 ಬಗೆಯ ಚಲನೆಗಳು ಬೇಕಾಗುತ್ತಿದ್ದುದನ್ನು ಗಮನಿಸಿ, ಇಟ್ಟಿಗೆಯ ರಾಶಿಯನ್ನೂ ಗಾರೆಯ ಬಾಣಲೆಯನ್ನೂ ಕೆಲಸಗಾರನ ಕೈಯ ಎತ್ತರಕ್ಕೆ ಏರಿಸಿ, ಬಾಗುವ ಮತ್ತು ಆಯುವ ಶ್ರಮವನ್ನು ತಪ್ಪಿಸಿ, ಅವುಗಳನ್ನು 5ಕ್ಕೆ ಇಳಿಸಿದನು. 1911ರಲ್ಲಿ ತನ್ನ ಚಲನಾಧ್ಯಯನವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಇಲ್ಲಿ ಕೆಲಸಗಾರನ ಕೌಶಲಕ್ಕಿಂತ ಮುಖ್ಯವಾಗಿ ಬದಲಾದದ್ದು ವಸ್ತು ಇದ್ದ ಜಾಗ. ಕಾರ್ಖಾನೆಯ ವೇಗ ಮನೆಯ ಕಾರ್ಯಾಗಾರಕ್ಕೆ ಅನಾವಶ್ಯಕ. ಬಿಡುವಿನ ಕೆಲಸದಲ್ಲಿ ಯಾರೂ ನಿಮಿಷಗಳನ್ನು ಲೆಕ್ಕ ಹಾಕುವುದಿಲ್ಲ. ಆದರೆ ಅಳತೆಯನ್ನು ಗುರುತಿಸಿ, ಗೀರನ್ನು ಎಳೆದು, ಗರಗಸಕ್ಕಾಗಿ ಕೈ ಚಾಚಿದಾಗ ಗರಗಸ ಅಲ್ಲಿಲ್ಲದೆ ಹೋದರೆ, ನಷ್ಟವಾಗುವುದು ನಿಮಿಷ ಮಾತ್ರವಲ್ಲ. ಗೀರಿನ ಯಾವ ಪಕ್ಕಕ್ಕೆ ಕೊಯ್ಯಬೇಕೆಂದು ಮನಸ್ಸು ನಿಶ್ಚಯಿಸಿಕೊಂಡಿತ್ತೋ ಆ ನಿಶ್ಚಯವೇ ಹುಡುಕಾಟದ ನಡುವೆ ಜಾರಿಹೋಗುತ್ತದೆ, ಹಲಗೆ ಕಿರಿದಾಗಿ ಕೊಯ್ದುಹೋಗುತ್ತದೆ. ಕೆಟ್ಟ ಕೆಲಸದ ಎಷ್ಟೋ ಪಾಲು ಕೈಯ ದೋಷವಲ್ಲ, ಹೀಗೆ ತುಂಡರಿಸಿಹೋದ ಏಕಾಗ್ರತೆಯ ದೋಷ.

ನಮ್ಮ ನಾಡಿನ ಬಡಗಿಗಳು ಪರಂಪರೆಯಿಂದ ನೆಲದ ಮೇಲೆ ಕುಳಿತು, ಮರವನ್ನು ಪಾದಗಳಿಂದ ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದರು. ಈಗಲೂ ಅನೇಕರು ಹಾಗೆಯೇ ಮಾಡುತ್ತಾರೆ. ಅವರ ಸುತ್ತಲೂ ಉಳಿ, ಬಾಚಿ, ಹತ್ತರಿ, ಕೊಡತಿಗಳು ಅರ್ಧವೃತ್ತಾಕಾರವಾಗಿ, ತೋಳು ಚಾಚಿದಷ್ಟರೊಳಗೆ ಹರಡಿಕೊಂಡಿರುವುದನ್ನು ನೋಡಿದ ಹೊರಗಿನವನಿಗೆ ಅದು ಅವ್ಯವಸ್ಥೆಯಂತೆ ತೋರಬಹುದು. ಸ್ವಲ್ಪ ಹೊತ್ತು ನಿಂತು ಗಮನಿಸಿದರೆ ಬಾಚಿಯು ಬಲಗಡೆಯ ಅದೇ ಸ್ಥಾನಕ್ಕೆ ಮರಳುವುದನ್ನೂ, ಉಳಿಯ ಅಲಗು ಬಡಗಿಯ ಕಡೆಗೆ ಎಂದಿಗೂ ತಿರುಗದಿರುವುದನ್ನೂ, ಕಣ್ಣೆತ್ತದೆಯೇ ಕೈ ಮೂಲೆಮಟ್ಟವನ್ನು ಮುಟ್ಟುವುದನ್ನೂ ಕಾಣಬಹುದು. ನಿಂತು ಕೆಲಸ ಮಾಡುವ ಮೇಜಿನ ಹಿಂದಣ ಗೋಡೆಯೂ ಆ ಅರ್ಧವೃತ್ತದ ತತ್ತ್ವವನ್ನೇ ಅನುಸರಿಸಬೇಕಾದುದು. ಸೊಂಟದಿಂದ ಕಣ್ಣಿನ ಎತ್ತರದವರೆಗಿನ, ಎರಡು ತೋಳುಗಳ ಅಗಲದ ಗೋಡೆಯ ಭಾಗವೇ ಕಾರ್ಯಾಗಾರದ ಅತ್ಯಂತ ಬೆಲೆಬಾಳುವ ಸ್ಥಳ. ಆ ಸ್ಥಳವನ್ನು ವರ್ಷಕ್ಕೊಮ್ಮೆ ಬಳಸುವ ದೊಡ್ಡ ಬೈರಿಗೆಗೆ, ಅದು ನೋಡಲು ಭವ್ಯವಾಗಿದೆ ಎಂಬ ಕಾರಣಕ್ಕೆ, ಕೊಟ್ಟುಬಿಡಲಾಗದು. ಪೆನ್ಸಿಲು, ಮೂಲೆಮಟ್ಟ, ಅಳತೆಪಟ್ಟಿ, ಎರಡು ತಿರುಪುಳಿ, ಒಂದು ಸುತ್ತಿಗೆ, ಅರ್ಧ ಅಂಗುಲದ ಮತ್ತು ಮುಕ್ಕಾಲು ಅಂಗುಲದ ಉಳಿಗಳು, ಸಣ್ಣ ಗರಗಸ, ಇಕ್ಕಳ, ಇವುಗಳಿಗೆ ಅಲ್ಲಿ ಅಗ್ರಸ್ಥಾನ.

ಇನ್ನೊಂದು ಮಾತು. ಉಪಕರಣಗಳನ್ನು ಜಾತಿಯ ಪ್ರಕಾರ ವಿಂಗಡಿಸುವುದು, ಅಂದರೆ ಇಕ್ಕಳಗಳೆಲ್ಲ ಒಂದೆಡೆ, ಅರಗಳೆಲ್ಲ ಒಂದೆಡೆ ಎಂಬ ಕ್ರಮವು, ಅಂಗಡಿಯವನಿಗೆ ಉಚಿತವಾದುದು. ಮನೆಯಲ್ಲಿ ಕೆಲಸದ ಪ್ರಕಾರ ವಿಂಗಡಿಸುವುದೇ ಹೆಚ್ಚು ಪ್ರಯೋಜನಕಾರಿ ಎಂದು ನನ್ನ ಅಭಿಪ್ರಾಯ. ನಲ್ಲಿ ಸೋರುತ್ತಿದೆ ಎಂದಾಗ ಬೇಕಾಗುವ ಪೈಪು ಪಾನಾ, ವಾಷರುಗಳು, ಸಣಬಿನ ನಾರು ಅಥವಾ ಟೆಫ್ಲಾನ್ ಟೇಪು ಒಂದೇ ಕೈಪೆಟ್ಟಿಗೆಯಲ್ಲಿದ್ದರೆ, ಆ ಪೆಟ್ಟಿಗೆಯನ್ನೆತ್ತಿಕೊಂಡು ಬಚ್ಚಲಿಗೆ ಹೋಗುವುದಷ್ಟೇ ಉಳಿಯುತ್ತದೆ. ವಿದ್ಯುತ್ತಿನ ಸಣ್ಣಪುಟ್ಟ ರಿಪೇರಿಗೆ ಇನ್ನೊಂದು ಪೆಟ್ಟಿಗೆ. ಅದರಲ್ಲಿ ಟೆಸ್ಟರು, ತಂತಿ ಸುಲಿಯುವ ಇಕ್ಕಳ, ನಿರೋಧಕ ಟೇಪು, ಫ್ಯೂಸು ತಂತಿ. ಎರಡೂ ಪೆಟ್ಟಿಗೆಗಳಲ್ಲಿ ಒಂದೊಂದು ತಿರುಪುಳಿ ಬೇಕಾದರೆ ಎರಡು ತಿರುಪುಳಿಗಳನ್ನು ಇಟ್ಟುಕೊಳ್ಳುವುದು ದುಂದಲ್ಲ.

ಗೋಡೆಯ ಮೇಲೆ ಉಪಕರಣವನ್ನು ತೂಗುಹಾಕಿ, ಅದರ ಸುತ್ತಲೂ ಆಕೃತಿಯ ಗೆರೆಯನ್ನು ಎಳೆಯುವ ಪದ್ಧತಿಯೊಂದು ಉಂಟಷ್ಟೆ. ಅಮೆರಿಕದ ಪ್ರಸಿದ್ಧ ಪಾಕಶಾಸ್ತ್ರಜ್ಞೆ ಜೂಲಿಯಾ ಚೈಲ್ಡ್ ಅವರ ಅಡುಗೆಮನೆಯಲ್ಲಿ ಅವರ ಪತಿ ಪಾಲ್ ಚೈಲ್ಡ್ ತೂತುಗಳುಳ್ಳ ಹಲಗೆಯನ್ನು ಗೋಡೆಗೆ ಹೊಡೆದು, ಪ್ರತಿಯೊಂದು ಬಾಣಲೆಯ ರೇಖೆಯನ್ನೂ ಅದರ ಮೇಲೆ ಬರೆದಿಟ್ಟಿದ್ದರು. ಆ ಅಡುಗೆಮನೆ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕ ಇತಿಹಾಸ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಈ ರೇಖೆಯ ಗುಣ ಅಲಂಕಾರದಲ್ಲಿಲ್ಲ. ಇರುವುದನ್ನು ತೋರಿಸುವುದಕ್ಕಿಂತ ಇಲ್ಲದುದನ್ನು ತೋರಿಸುವುದರಲ್ಲಿ ಅದರ ಉಪಯುಕ್ತತೆ. ದೀಪವನ್ನಾರಿಸುವ ಮುನ್ನ ಗೋಡೆಯ ಕಡೆಗೆ ಒಮ್ಮೆ ನೋಡಿದರೆ, ಬರಿದಾದ ಆಕೃತಿಯೊಂದು ತನ್ನ ಒಡೆಯ ಇನ್ನೂ ಬಂದಿಲ್ಲವೆಂದು ತಾನೇ ತಿಳಿಸುತ್ತದೆ. ಮನೆಯವರಲ್ಲಿ ಯಾರು ತೆಗೆದುಕೊಂಡರೂ ಎಲ್ಲಿ ಇಡಬೇಕೆಂದು ಕೇಳಬೇಕಾದ ಅಗತ್ಯವಿರುವುದಿಲ್ಲ. ಹೊಸ ಉಪಕರಣ ಬಂದಾಗ ಗೆರೆಗಳನ್ನು ಅಳಿಸಿ ಬರೆಯಬೇಕಾಗುವುದು ಇದರ ಅನನುಕೂಲ. ಆದುದರಿಂದ ಮೊದಲ ಕೆಲವು ತಿಂಗಳು ಸೀಮೆಸುಣ್ಣದಲ್ಲಿಯೇ ಬರೆದುಕೊಂಡು, ಸ್ಥಾನಗಳು ಕೈಗೆ ಒಗ್ಗಿದ ಮೇಲೆ ಬಣ್ಣವನ್ನು ಹಚ್ಚುವುದು ವಿವೇಕ.

ಪೆಟ್ಟಿಗೆಯ ವ್ಯವಸ್ಥೆಗೆ ಪುರಾತನವಾದ ಚರಿತ್ರೆಯಿದೆ. ಸ್ವೀಡನ್ನಿಗೆ ಸೇರಿದ ಗಾಟ್‌ಲೆಂಡ್ ದ್ವೀಪದ ಮೆಸ್ಟರ್‌ಮಿರ್ ಎಂಬಲ್ಲಿ, ನೀರು ಬಸಿದ ಜೌಗು ನೆಲವನ್ನು ಉಳುತ್ತಿದ್ದ ರೈತನಿಗೆ 1936ರಲ್ಲಿ ಓಕ್ ಮರದ ಒಂದು ಪೆಟ್ಟಿಗೆ ಸಿಕ್ಕಿತು. ವೈಕಿಂಗರ ಕಾಲದ್ದಾದ, ಸುಮಾರು ಸಾವಿರ ವರ್ಷಗಳಷ್ಟು ಹಳೆಯದಾದ ಆ ಪೆಟ್ಟಿಗೆಯೊಂದಿಗೆ ಕೊಡಲಿ, ಬಾಚಿ, ಬೈರಿಗೆ, ಗರಗಸ, ಇಕ್ಕುಳ, ಸುತ್ತಿಗೆ, ಅಡಿಗಲ್ಲುಗಳೇ ಮೊದಲಾಗಿ 200ಕ್ಕೂ ಮಿಕ್ಕಿದ ವಸ್ತುಗಳಿದ್ದುವು. ಮರಗೆಲಸವನ್ನೂ ಕಬ್ಬಿಣದ ಕೆಲಸವನ್ನೂ ಬಲ್ಲವನೊಬ್ಬನ ಸಮಗ್ರ ವೃತ್ತಿಯು ಒಂದು ಪೆಟ್ಟಿಗೆಯ ಪರಿಧಿಯೊಳಗೆ ಅಡಗಿತ್ತೆಂಬುದು ಸೋಜಿಗದ ಸಂಗತಿ. ಇದಕ್ಕಿಂತ ಈಚಿನ ಉದಾಹರಣೆ ಅಮೆರಿಕದ ಮ್ಯಾಸಚೂಸೆಟ್ಸಿನ ಕ್ವಿನ್ಸಿಯಲ್ಲಿದ್ದ ಪಿಯಾನೋ ತಯಾರಕ ಹೆನ್ರಿ ಸ್ಟಡ್ಲಿಯದು. 1838ರಿಂದ 1925ರವರೆಗೆ ಬಾಳಿದ ಆತನು, ಗೋಡೆಗೆ ತೂಗುಹಾಕುವ ಒಂದು ಪೆಟ್ಟಿಗೆಯಲ್ಲಿ ಸುಮಾರು 300 ಉಪಕರಣಗಳನ್ನು, ಒಂದೊಂದಕ್ಕೂ ಅದರದೇ ಅಚ್ಚಿನ ಗೂಡನ್ನು ಕಡೆದು, ಒಂದು ಪದರದ ಮೇಲೆ ಮತ್ತೊಂದು ಪದರ ಮಡಚಿಕೊಳ್ಳುವಂತೆ ಜೋಡಿಸಿಟ್ಟನು. ಅದರ ಚಿತ್ರವನ್ನು ನೋಡಿದ ಕೈಗೆಲಸಗಾರನಿಗೆ ಹಾಗೊಂದನ್ನು ಮಾಡಬೇಕೆಂಬ ಆಸೆ ಹುಟ್ಟದೆ ಇರದು. ಕಲೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ಆದರೆ ಒಂದು ಚೌಕಟ್ಟನ್ನು ಎತ್ತಿದಲ್ಲದೆ ಹಿಂದಣದು ದೊರೆಯದ ಆ ವಿನ್ಯಾಸವನ್ನು ವಾರಕ್ಕೆರಡು ಸಾಯಂಕಾಲ ಕೆಲಸ ಮಾಡುವವನು ಅನುಕರಿಸಿದರೆ, ಗೂಡುಗಳು ಬರಿದಾಗಿಯೂ ಮೇಜು ತುಂಬಿಯೂ ಇರುವ ದಿನ ದೂರವಿರದು. ಅಚ್ಚಿನ ಗೂಡಿನಲ್ಲಿ ಇನ್ನೊಂದು ತೊಡಕೂ ಇದೆ: ಒಂದು ಉಳಿ ಮುರಿದು ಅದಕ್ಕೆ ಬದಲಾಗಿ ಬಂದ ಹೊಸದು ಎಳ್ಳಷ್ಟು ದಪ್ಪವಾಗಿದ್ದರೂ ಅದಕ್ಕೆ ಅಲ್ಲಿ ಎಡೆಯಿಲ್ಲ.

ಕರ್ನಾಟಕದಲ್ಲಿ ಉಪಕರಣಗಳ ವಿಚಾರವನ್ನು ಎತ್ತಿದವನು ಮಳೆಗಾಲದ ವಿಚಾರವನ್ನು ಎತ್ತದೆ ಮುಗಿಸಲಾಗದು. ಕಬ್ಬಿಣ ತುಕ್ಕುಹಿಡಿಯುವುದಕ್ಕೆ ಅದರ ಮೇಲೆ ನೀರು ಬೀಳಲೇಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದರೆ, ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯು ಲೋಹದ ಮೇಲೆ ನೆಲೆಸಿ, ಅದರೊಳಗೆ ಆಮ್ಲಜನಕವು ಬೆರೆತು, ಕಬ್ಬಿಣವನ್ನು ಸದ್ದಿಲ್ಲದೆ ತಿನ್ನತೊಡಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿಯೂ, ಗಾಳಿಯಲ್ಲಿ ಉಪ್ಪಿನ ಅಂಶವೂ ಕೂಡಿಕೊಳ್ಳುವ ಕರಾವಳಿಯಲ್ಲಿಯೂ, ಜೂನಿನಿಂದ ಸೆಪ್ಟೆಂಬರಿನವರೆಗೆ ಆರ್ದ್ರತೆ ಆ ಮಿತಿಯಿಂದ ಕೆಳಗಿಳಿಯುವ ದಿನಗಳು ವಿರಳ. ನೈಋತ್ಯದಿಂದ ಬೀಸುವ ಗಾಳಿಗೆ ಮೈಯೊಡ್ಡಿದ ಗೋಡೆಯು ಒಳಗಿನಿಂದಲೂ ತಣ್ಣಗೆ ಒಸರುತ್ತಿರುತ್ತದೆ; ಅಂತಹ ಗೋಡೆಯ ಮೇಲೆ ಉಪಕರಣಗಳನ್ನು ತೂಗುಹಾಕಲೇಬಾರದು. ಮನೆಯ ಒಳಮಗ್ಗುಲಿನ ಗೋಡೆಯನ್ನು, ಸಾಧ್ಯವಾದರೆ ಅಡುಗೆಮನೆಯ ಒಲೆಯ ಬೆನ್ನಿನ ಗೋಡೆಯನ್ನು ಅದಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು. ಹಲಗೆಗೂ ಗೋಡೆಗೂ ನಡುವೆ ಬೆರಳಿನಷ್ಟು ತೆರಪು ಬಿಟ್ಟರೆ ಗಾಳಿಯಾಡುತ್ತದೆ. ಪೆಟ್ಟಿಗೆಗಳನ್ನು ನೆಲದಿಂದ ನಾಲ್ಕು ಬೆರಳಾದರೂ ಮೇಲೆತ್ತಿ ಇಡಬೇಕು, ತೇವದ ಭಯ ಒಂದು ಕಡೆ, ಗೆದ್ದಲಿನ ಭಯ ಇನ್ನೊಂದು ಕಡೆ.

ಪೆಟ್ಟಿಗೆಗೆ ಬಳಸುವ ಮರವೂ ಅಮುಖ್ಯವಲ್ಲ. ಓಕ್‌ನಂತಹ ಕೆಲವು ಮರಗಳು ಹೊರಸೂಸುವ ಆಮ್ಲದ ಆವಿಯು ಮುಚ್ಚಿದ ಪೆಟ್ಟಿಗೆಯೊಳಗೆ ಲೋಹವನ್ನು ಕೆಡಿಸುತ್ತದೆ. ನಮ್ಮ ತೇಗವಾದರೋ ತನ್ನ ಸಹಜವಾದ ಎಣ್ಣೆಯ ಗುಣದಿಂದ ಕಬ್ಬಿಣಕ್ಕೆ ಮಿತ್ರನಂತಿರುತ್ತದೆ. ಗರಗಸದಿಂದ ಉದುರಿದ ಮರದ ಪುಡಿಯನ್ನು ಉಪಕರಣದ ಮೇಲೆಯೇ ಬಿಟ್ಟುಹೋಗುವುದು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ, ಏಕೆಂದರೆ ಆ ಪುಡಿಯು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹದಮಾಡಿದ ಚರ್ಮದ ಒರೆಯು ಕೆಲಸದ ಹೊತ್ತಿನಲ್ಲಿ ಅಲಗನ್ನು ಕಾಯುತ್ತದೆ, ಆದರೆ ತಿಂಗಳುಗಟ್ಟಲೆ ಅದರೊಳಗೆ ಬಿಟ್ಟರೆ ಚರ್ಮದ ತೇವವೂ ಹುಳಿಯೂ ಆ ಅಲಗಿಗೇ ಕುತ್ತಾಗುತ್ತವೆ. ಹಳೆಯ ಕುಶಲಿಗಳು ತುಕ್ಕನ್ನು ತಡೆಯಲೆಂದು ಪೆಟ್ಟಿಗೆಯ ಮೂಲೆಯಲ್ಲಿ ಕರ್ಪೂರದ ಬಿಲ್ಲೆಗಳನ್ನು ಇಡುತ್ತಿದ್ದುದುಂಟು.

ಎಣ್ಣೆಯ ಆಯ್ಕೆಯಲ್ಲಿ ವಿವೇಚನೆ ಬೇಕು. ಕೈಗೆ ಸಿಕ್ಕ ಅಡುಗೆಯ ಎಣ್ಣೆಯನ್ನು ಹಚ್ಚುವ ರೂಢಿ ನಮ್ಮಲ್ಲಿದೆ. ಆದರೆ ಎಣ್ಣೆಗಳೆಲ್ಲ ಒಂದೇ ಸ್ವಭಾವದವಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಬೆರೆತು ಗಟ್ಟಿಯಾದ ಪೊರೆಯಾಗುತ್ತದೆ. ಕುಸುಬೆ, ಹುಚ್ಚೆಳ್ಳುಗಳ ಎಣ್ಣೆಯಲ್ಲಿಯೂ ಇದೇ ಪ್ರವೃತ್ತಿ ಸ್ವಲ್ಪಮಟ್ಟಿಗೆ ಇರುವುದರಿಂದ, ಕೆಲವು ತಿಂಗಳ ಮೇಲೆ ಇಕ್ಕಳದ ಕೀಲು ಅಂಟು ಅಂಟಾಗಿ ಬಿಗಿದುಕೊಳ್ಳುತ್ತದೆ. ತೆಂಗಿನ ಎಣ್ಣೆ ಹಾಗೆ ಒಣಗುವುದಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ, ಬಿಸಿಲೇರಿದರೆ ಕರಗುತ್ತದೆ, ಅಷ್ಟೆ. ಹರಳೆಣ್ಣೆಯೂ ಒಣಗದ ಎಣ್ಣೆಗಳ ಗುಂಪಿನದೇ. ಹೊಲಿಗೆಯಂತ್ರಕ್ಕೆ ಬಿಡುವ ಖನಿಜ ತೈಲ ದೊರೆತರೆ ಅದೇ ಉತ್ತಮ. ಎಣ್ಣೆಯನ್ನು ಸುರಿಯಬೇಕಾದುದಿಲ್ಲ, ಎಣ್ಣೆಯಲ್ಲಿ ನೆನೆದ ಬಟ್ಟೆಯ ತುಂಡೊಂದನ್ನು ಮುಚ್ಚಳದ ಡಬ್ಬಿಯಲ್ಲಿ ಮೇಜಿನ ಬಳಿಯಲ್ಲೇ ಇಟ್ಟುಕೊಂಡು, ಉಪಕರಣವನ್ನು ಅದರ ನೆಲೆಗೆ ಮರಳಿಸುವಾಗ ಒಂದು ಸಲ ಒರೆಸಿದರೆ, ಕೈಬೆವರಿನ ಉಪ್ಪೂ ಹೋಗುತ್ತದೆ, ಕಾಪೂ ಆಗುತ್ತದೆ. ಆ ಡಬ್ಬಿ ಕೋಣೆಯ ಆಚೆ ತುದಿಯಲ್ಲಿದ್ದರೆ ಯಾರೂ ಒರೆಸುವುದಿಲ್ಲ.

ಬಯಲುಸೀಮೆಯ ಕಷ್ಟ ಇದಕ್ಕೆ ವಿರುದ್ಧವಾದುದು. ವಿಜಯಪುರ, ಕಲಬುರಗಿಗಳ ಬೇಸಗೆಯಲ್ಲಿ ತುಕ್ಕಿನ ಭಯ ಕಡಿಮೆ, ಆದರೆ ಮರದ ಕಾವು ಒಣಗಿ ಕುಗ್ಗಿ, ಸುತ್ತಿಗೆಯ ತಲೆ ಸಡಿಲವಾಗುತ್ತದೆ. ಅದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕುವ ಉಪಾಯ ಮನೆಮನೆಯಲ್ಲಿಯೂ ಗೊತ್ತು. ಉಬ್ಬಿದ ಮರವು ಕಬ್ಬಿಣದ ಕಣ್ಣಿನೊಳಗೆ ಅದುಮಿಕೊಂಡು ತನ್ನ ನಾರುಗಳನ್ನೇ ಜಜ್ಜಿಕೊಳ್ಳುವುದರಿಂದ, ಮತ್ತೆ ಒಣಗಿದಾಗ ಮೊದಲಿಗಿಂತಲೂ ಸಡಿಲವಾಗುತ್ತದೆ. ಹಾರಿಬಂದ ಸುತ್ತಿಗೆಯ ತಲೆ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲುದು. ಹೊಸ ಬೆಣೆಯನ್ನು ಹೊಡೆದು, ಕಾವಿಗೆ ಅಗಸೆ ಎಣ್ಣೆಯನ್ನು ಉಣ್ಣಿಸುವುದೇ ಇದಕ್ಕೆ ಸರಿಯಾದ ಚಿಕಿತ್ಸೆ. ಆ ಎಣ್ಣೆಯನ್ನು ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಕೂಡದು. ಎಣ್ಣೆಯು ಒಣಗುವಾಗ ಹುಟ್ಟುವ ಶಾಖವು ಮುದ್ದೆಯೊಳಗೆ ಸಂಚಯವಾಗಿ, ಕಿಡಿಯೊಂದರ ಸ್ಪರ್ಶವೂ ಇಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದನ್ನು ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಅರಗಿನ ಪಾಲಿಶಿಗೆ ಬಳಸುವ ಸ್ಪಿರಿಟು, ತೆಳುಕಾರಕ ದ್ರಾವಣ, ಆಮ್ಲ, ಇವುಗಳಿಗೆ ಕಾರ್ಯಾಗಾರದಲ್ಲಿ ಬೀಗವಿರುವ ಪ್ರತ್ಯೇಕವಾದ ಕಪಾಟು ಇರಲೇಬೇಕು. ಸುಲಭವಾಗಿ ಕೈಗೆಟಕಬೇಕೆಂಬ ನನ್ನ ತತ್ತ್ವಕ್ಕೆ ಮಕ್ಕಳಿರುವ ಮನೆಯಲ್ಲಿ ಇದೊಂದು ಅಪವಾದ.

ಅಲಗುಳ್ಳ ಉಪಕರಣಗಳ ಶತ್ರು ಮತ್ತೊಂದು ಅಲಗು. ಅರದ ಹಲ್ಲುಗಳು ಬಹಳ ಗಡುಸು, ಅಷ್ಟೇ ಪೆಡಸು; ಡ್ರಾಯರಿನೊಳಗೆ ಒಂದರ ಮೇಲೊಂದು ಉಜ್ಜಿಕೊಂಡು ಬಿದ್ದಿರುವ ಅರಗಳು ಉಪಯೋಗವಿಲ್ಲದೆಯೇ ಸವೆದುಹೋಗುತ್ತವೆ. ಐ.ಟಿ.ಐ.ಯ ಫಿಟ್ಟರ್ ತರಗತಿಯಲ್ಲಿ ಹುಡುಗರಿಗೆ ಮೊದಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು: ಅರವನ್ನು ಅರದ ಮೇಲೆ ಇಡಬೇಡ, ಅಳೆಯುವ ಸಾಧನವನ್ನು ಕತ್ತರಿಸುವ ಸಾಧನದೊಡನೆ ಬೆರೆಸಬೇಡ. ಈ ಎರಡನೆಯ ನಿಯಮವನ್ನು ಮನೆಯವರು ಮರೆಯುವುದೇ ಹೆಚ್ಚು. ಮೂಲೆಮಟ್ಟವು ಒಂದು ಸಲ ಕೆಳಗೆ ಬಿದ್ದರೆ, ಅಥವಾ ಸುತ್ತಿಗೆಯ ಭಾರಕ್ಕೆ ಸಿಕ್ಕರೆ, ನೋಟಕ್ಕೆ ಮೊದಲಿನಂತೆಯೇ ಇದ್ದು ಸುಳ್ಳು ಹೇಳತೊಡಗುತ್ತದೆ. ಅದನ್ನು ಪರೀಕ್ಷಿಸುವ ಬಗೆ ಸರಳವಾದುದು: ನೇರವಾದ ಅಂಚಿರುವ ಹಲಗೆಗೆ ಮಟ್ಟವನ್ನು ಒತ್ತಿಹಿಡಿದು ಒಂದು ಗೆರೆಯನ್ನು ಎಳೆದು, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆಯನ್ನು ಎಳೆಯಬೇಕು; ಎರಡೂ ಕೂಡಿಕೊಂಡರೆ ಮಟ್ಟ ಸರಿಯಾಗಿದೆ, ಅಗಲಿದರೆ, ಆ ಅಗಲಿಕೆ ನಿಜವಾದ ದೋಷದ ಇಮ್ಮಡಿ. ಸಾಣೆಕಲ್ಲಿಗೆ ಮಾತ್ರ, ಎಷ್ಟೇ ಇಕ್ಕಟ್ಟಾದ ಜಾಗವಾದರೂ, ಎತ್ತಿಡಬೇಕಾಗದ ಸ್ಥಿರವಾದ ನೆಲೆಯೊಂದನ್ನು ಕಲ್ಪಿಸಬೇಕೆಂದು ಒತ್ತಿ ಹೇಳುತ್ತೇನೆ. ಕಲ್ಲು ಪೆಟ್ಟಿಗೆಯ ತಳದಲ್ಲಿದ್ದರೆ ಮೊಂಡಾದ ಉಳಿಯಿಂದಲೇ ಕೆಲಸವನ್ನು ಮುಗಿಸೋಣವೆಂಬ ಆಲಸ್ಯ ಬರುತ್ತದೆ. ಮೊಂಡು ಉಳಿಗೆ ಬಲ ಹೆಚ್ಚು ಬೇಕು, ಹೆಚ್ಚಿದ ಬಲ ಜಾರಿದಾಗ ಗಾಯವಾಗುವುದು ಎಡಗೈಗೆ.

ಪಾನಾಗಳ ವಿಷಯದಲ್ಲಿ ಭಾರತೀಯ ಮನೆಗಳ ಗೊಂದಲ ಚಾರಿತ್ರಿಕವಾದುದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪಿನ ಸುರುಳಿಗೆ 55 ಡಿಗ್ರಿಯ ಕೋನವನ್ನು ಗೊತ್ತುಪಡಿಸಿ ಒಂದು ಪ್ರಮಾಣವನ್ನು ಸೂಚಿಸಿದನು. ಬ್ರಿಟಿಷರೊಡನೆ ಅದು ನಮ್ಮ ರೈಲು, ಗಿರಣಿ, ಪಂಪುಗಳಿಗೂ ಬಂದಿತು. ಅನಂತರ 1956ರ ತೂಕ ಮತ್ತು ಅಳತೆಗಳ ಕಾನೂನಿನಿಂದ ದೇಶವು ಮೆಟ್ರಿಕ್ ಪದ್ಧತಿಗೆ ತಿರುಗಿತು. ತಾತನ ಕಾಲದ ವಿಟ್‌ವರ್ತ್ ಪಾನಾ, ತಂದೆಯ ಕಾಲದ ಅಂಗುಲದ ಪಾನಾ, ಈಚೆಗೆ ಕೊಂಡ ಮಿಲಿಮೀಟರಿನ ಪಾನಾ, ಮೂರೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಂಡಿರುವುದು ಹೀಗೆ. ವಿಟ್‌ವರ್ತ್ ಪಾನಾದ ಮೇಲೆ ಕೆತ್ತಿರುವ ಅಂಕಿ ಬೋಲ್ಟಿನ ವ್ಯಾಸವನ್ನು ಹೇಳುತ್ತದೆಯೇ ಹೊರತು ಪಾನಾದ ಬಾಯಿಯ ಅಗಲವನ್ನು ಹೇಳುವುದಿಲ್ಲವಾದುದರಿಂದ, ಅರ್ಧ ಅಂಗುಲವೆಂದು ಬರೆದಿರುವ ಪಾನಾದ ಬಾಯಿ ಅರ್ಧ ಅಂಗುಲಕ್ಕಿಂತ ಎಷ್ಟೋ ಅಗಲವಾಗಿರುತ್ತದೆ. ಇನ್ನು ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು; ಆ ಅಳತೆಯ ತಲೆಯ ಬೋಲ್ಟಿಗೆ 13 ಮಿಲಿಮೀಟರಿನ ಪಾನಾ ಹಿಡಿಯುತ್ತದೆಂದು ತೋರಿದರೂ, ಬಿಗಿಯಾದ ಬೋಲ್ಟಿನ ಮೇಲೆ ಬಲ ಬಿದ್ದೊಡನೆ ಆ 0.3 ಮಿಲಿಮೀಟರಿನ ಸಡಿಲಿನಿಂದ ಮೂಲೆಗಳು ಉರುಟಾಗಿ, ಬಳಿಕ ಯಾವ ಪಾನಾವೂ ಹಿಡಿಯದಂತಾಗುತ್ತದೆ. ಮುಕ್ಕಾಲು ಅಂಗುಲವೂ 19 ಮಿಲಿಮೀಟರೂ ಬಹುಮಟ್ಟಿಗೆ ಒಂದೇ ಆಗಿರುವುದು ಆಕಸ್ಮಿಕವಾದ ಅನುಕೂಲ. ಈ ಮೂರು ವಂಶಗಳನ್ನು ಮೂರು ಬಣ್ಣದ ಪಟ್ಟಿಯಿಂದ ಗುರುತಿಸಿ ಬೇರೆ ಬೇರೆ ಸಾಲಿನಲ್ಲಿ ತೂಗುಹಾಕುವುದಕ್ಕೆ ಒಂದು ಸಾಯಂಕಾಲದ ಶ್ರಮ ಸಾಕು.

ಮೊಳೆ, ತಿರುಪು, ವಾಷರುಗಳಿಗೆ ಹಾರ್ಲಿಕ್ಸ್ ಶೀಸೆಗಳಿಗಿಂತ ಮಿಗಿಲಾದುದನ್ನು ನಾನು ಕಂಡಿಲ್ಲ. ಶೀಸೆಯ ಮುಚ್ಚಳವನ್ನು ಅಡ್ಡಹಲಗೆಯ ತಳಭಾಗಕ್ಕೆ ಎರಡು ತಿರುಪುಗಳಿಂದ ಬಿಗಿದರೆ, ಶೀಸೆಯನ್ನು ಕೆಳಗಿನಿಂದ ತಿರುಗಿಸಿ ಸೇರಿಸಬಹುದು. ಒಳಗಿರುವುದು ಹೊರಗಿನಿಂದಲೇ ಕಾಣುತ್ತದೆ. ಮುಚ್ಚಳಕ್ಕೆ ಒಂದೇ ತಿರುಪು ಸಾಲದು, ಅದು ಶೀಸೆಯೊಡನೆಯೇ ಸುತ್ತತೊಡಗುತ್ತದೆ.

ಹೊರಹಾಕುವ ವಿಚಾರದಲ್ಲಿ ಎಲ್ಲರಿಗೂ ಮನಸ್ಸು ಕುಗ್ಗುತ್ತದೆ. ಜಪಾನಿನ ಕಾರ್ಖಾನೆಗಳಲ್ಲಿ ಅಚ್ಚುಕಟ್ಟಿಗೆ ಐದು ಹಂತಗಳನ್ನು ಹೇಳುವಲ್ಲಿ, ಅನಾವಶ್ಯಕವಾದುದನ್ನು ಬೇರ್ಪಡಿಸುವುದನ್ನೇ ಮೊದಲನೆಯದಾಗಿ ಇಟ್ಟಿದ್ದಾರೆ. ನಮ್ಮಲ್ಲಿ ಇದಕ್ಕೆ ಒದಗಿಬರುವ ದಿನ ಮಹಾನವಮಿಯ ಆಯುಧಪೂಜೆ. ಅಂದು ಕಾರ್ಯಾಗಾರವನ್ನು ಗುಡಿಸಿ, ಆಯುಧಗಳನ್ನೆಲ್ಲ ಹೊರಗೆ ತಂದು ತೊಳೆದು ಒರೆಸಿ, ಅರಿಶಿನ ಕುಂಕುಮಗಳನ್ನು ಹಚ್ಚಿ ಸಾಲಾಗಿ ಇಡುವ ಸಂಪ್ರದಾಯದಲ್ಲಿ, ವರ್ಷಕ್ಕೊಮ್ಮೆಯಾದರೂ ಇರುವುದೆಲ್ಲವನ್ನೂ ಒಟ್ಟಿಗೆ ಕಣ್ಣಾರೆ ನೋಡುವ ಅವಕಾಶವಿದೆ. ಪೂಜೆಯಾದ ಮೇಲೆ ಪ್ರತಿಯೊಂದರ ಹಿಡಿಗೂ ಒಂದು ಹಳದಿ ದಾರವನ್ನು ಕಟ್ಟಿ, ವರ್ಷದಲ್ಲಿ ಮೊದಲ ಸಲ ಬಳಸಿದಾಗ ಅದನ್ನು ಬಿಚ್ಚಿಬಿಡಬೇಕೆಂದು ನನ್ನ ಸೂಚನೆ. ಮುಂದಿನ ನವಮಿಗೆ ದಾರವಿನ್ನೂ ಉಳಿದಿರುವ ಆಯುಧಗಳು ಯಾವುವೆಂದು ನೋಡಿದರೆ, ಗೋಡೆಯ ಬೆಲೆಬಾಳುವ ಸ್ಥಳವನ್ನು ಬಿಟ್ಟುಕೊಡಬೇಕಾದವು ಯಾವುವು, ಅಗತ್ಯವಿರುವ ಹುಡುಗನೊಬ್ಬನಿಗೆ ಕೊಟ್ಟುಬಿಡಬಹುದಾದವು ಯಾವುವು ಎಂಬುದು ತಾನೇ ಸ್ಪಷ್ಟವಾಗುತ್ತದೆ. ತಂದೆಯ ಕೈಯಲ್ಲಿ ಸವೆದ ಉಳಿಯಂತಹವನ್ನು ಈ ಲೆಕ್ಕಕ್ಕೆ ಸೇರಿಸಬೇಕಾದುದಿಲ್ಲ. ಅವನ್ನು ಇಟ್ಟುಕೊಳ್ಳುವುದಕ್ಕೆ ಬೇರೆ ಕಾರಣವಿದೆ. ಹಚ್ಚಿದ ಕುಂಕುಮವನ್ನೂ ನೀರಿನ ಪಸೆಯನ್ನೂ ವಿಜಯದಶಮಿಯಂದು ಮರೆಯದೆ ಒರೆಸಿ ಎಣ್ಣೆಯ ಕೈಯನ್ನು ಆಡಿಸಬೇಕು, ಇಲ್ಲದಿದ್ದರೆ ಬೊಟ್ಟಿಟ್ಟ ಕಡೆಯಲ್ಲೇ ತುಕ್ಕು ಮೂಡುತ್ತದೆ.

ಕಡೆಯದಾಗಿ, ಎರವಲಿನ ವಿಷಯ. ಉಪಕರಣಗಳಿರುವ ಮನೆಗೆ ನೆರೆಯವರು ಬಂದು ಕೇಳುವುದು ಸಹಜ, ಕೊಡುವುದು ಧರ್ಮ. ದೊಡ್ಡ ಕಾರ್ಖಾನೆಗಳ ಉಪಕರಣ ಕೋಣೆಯಲ್ಲಿ ಕೆಲಸಗಾರನು ತನ್ನ ಸಂಖ್ಯೆ ಕೆತ್ತಿದ ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟು ಆಯುಧವನ್ನು ಪಡೆಯುತ್ತಿದ್ದನು. ಆಯುಧವಿದ್ದ ಮೊಳೆಗೆ ಆ ಬಿಲ್ಲೆಯನ್ನು ತೂಗುಹಾಕುತ್ತಿದ್ದರು. ಮನೆಯಲ್ಲಿ ಬಿಲ್ಲೆಯನ್ನು ಬೇಡುವುದು ಸೌಜನ್ಯವಲ್ಲ. ಆದರೆ ಹಲಗೆಯ ಮೇಲೆ ಬರೆದಿರುವ ಆಕೃತಿಯೊಳಗೆ, ಕೊಂಡುಹೋದವರ ಹೆಸರನ್ನೂ ತಾರೀಖನ್ನೂ ಅವರ ಎದುರಿಗೇ, ಅವರ ಕೈಯಿಂದಲೇ ಸೀಮೆಸುಣ್ಣದಲ್ಲಿ ಬರೆಸಿದರೆ ಯಾರೂ ಬೇಸರಪಡುವುದಿಲ್ಲ. ಮರಳಿ ತಂದಾಗ ಹೆಸರನ್ನು ಅಳಿಸಿ, ಉಪಕರಣವನ್ನು ಅದೇ ಮೊಳೆಗೆ ತೂಗುಹಾಕುವ ಕೆಲಸವನ್ನೂ ಅವರೇ ಮಾಡಿಹೋಗುತ್ತಾರೆ.